ಕಾಲ ದಾಟಿ ಹೋಗುವ ಚೀನೀ ಪ್ರೇಮಕಥೆಗಳಲ್ಲಿ ಯಾವುದು ನೋಡಲಿ?

ಪ್ರಶ್ನೆ: ರಾತ್ರಿ ಊಟ ಮುಗಿಸಿ ಅಮ್ಮನ ಜೊತೆ ಕೂತು ನೋಡಲು ಚೀನೀ ಸೀರಿಯಲ್ ಹುಡುಕುತ್ತಿದ್ದೇನೆ. ಈ ಕಾಲದ ಹುಡುಗಿ ರಾಜರ ಕಾಲಕ್ಕೆ ಹೋಗುವಂಥದ್ದು ಬೇಕು. ಪ್ರೀತಿ ನಿಧಾನವಾಗಿ ಹುಟ್ಟಬೇಕು, ಜಾಸ್ತಿ ಅಳಿಸಬಾರದು. ನೋಡಿದವರು ದಯವಿಟ್ಟು ಹೇಳಿ.

ಉತ್ತರ: ಎಲ್ಲರೂ ಮೊದಲು ಹೇಳುವ ಹೆಸರು 2011ರ ‘ಸ್ಕಾರ್ಲೆಟ್ ಹಾರ್ಟ್’. 35 ಎಪಿಸೋಡ್. ನನಗೆ ಇವತ್ತಿಗೂ ಅದೇ ಎಲ್ಲಕ್ಕಿಂತ ಇಷ್ಟ. ಈ ಕಾಲದ ಹುಡುಗಿಯೊಬ್ಬಳು ಅಪಘಾತವಾಗಿ ಕಣ್ಣು ಬಿಟ್ಟರೆ, ಚಿಂಗ್ ವಂಶದ ಕಾಂಗ್ಶಿ ಚಕ್ರವರ್ತಿಯ ಕಾಲದಲ್ಲಿ ರುವೋಶಿ ಎಂಬವಳ ಮೈಯಲ್ಲಿರುತ್ತಾಳೆ. ರಾಜಕುಮಾರರೆಲ್ಲ ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದಾರೆ. ಗೆಲ್ಲುವುದು ನಾಲ್ಕನೆಯವನು, 1722ರಲ್ಲಿ ಯೋಂಗ್‌ಜೆಂಗ್ ಚಕ್ರವರ್ತಿ ಆಗುವವನು ಅಂತ ಅವಳೊಬ್ಬಳಿಗೆ ಗೊತ್ತು. ಉಳಿದವರ ಗತಿಯೂ ಗೊತ್ತು. ಹಾಗಾಗಿ ಯಾರನ್ನು ಪ್ರೀತಿಸಲೂ ಹೆದರುತ್ತಾಳೆ. ಕಥೆ ನಿಧಾನವಾಗುವುದು ಆ ಹೆದರಿಕೆಯಿಂದಲೇ, ಸುಮ್ನೆ ಎಳೆದದ್ದಲ್ಲ.

ಒಂದು ದೃಶ್ಯ ಹೇಳುತ್ತೇನೆ. ಅವಳು ಹದಿಮೂರನೇ ರಾಜಕುಮಾರನನ್ನು ಬಿಡಿಸಿಕೊಳ್ಳಲು ಸುರಿಯುವ ಮಳೆಯಲ್ಲಿ ಮಂಡಿಯೂರಿ ಕೂತಿರುತ್ತಾಳೆ. ನಾಲ್ಕನೆಯವನು ಕೊಡೆ ಹಿಡಿದು ಬರುತ್ತಾನೆ. ಅವಳ ತಲೆಯ ಮೇಲೆ ಕೊಡೆ ಹಿಡಿಯುತ್ತಾನೆ ಅಂದುಕೊಂಡರೆ, ಅದನ್ನು ಆಚೆ ಎಸೆದು ತಾನೂ ನೆನೆಯುತ್ತಾ ನಿಲ್ಲುತ್ತಾನೆ. ಪ್ರೀತಿ ಅನ್ನುವ ಮಾತೇ ಇಲ್ಲ ಅಲ್ಲಿ. ಆದರೆ ನಿಮ್ಮ ಕೊನೆಯ ಷರತ್ತಿಗೆ ಇದು ಒಗ್ಗುವುದಿಲ್ಲ. ಕೊನೆಕೊನೆಗೆ ತುಂಬಾ ಅಳಿಸುತ್ತದೆ. ಅಮ್ಮನ ಜೊತೆ ಬೇಡ, ಒಬ್ಬರೇ ನೋಡಿ.

ಉತ್ತರ: ಮೇಲಿನವರು ಹೇಳಿದ್ದು ನಿಜ. 2016ರಲ್ಲಿ ಬಂದ ಅದರ ಕೊರಿಯನ್ ರೂಪವನ್ನೂ ಅಳಬಾರದು ಅನ್ನುವವರು ಮುಟ್ಟುವುದು ಬೇಡ. ನಗುನಗುತ್ತಾ ನೋಡಬೇಕಂದ್ರೆ 2020ರ ‘ದಿ ರೊಮಾನ್ಸ್ ಆಫ್ ಟೈಗರ್ ಅಂಡ್ ರೋಸ್’ ಇದೆ, ಬರೀ 24 ಎಪಿಸೋಡ್. ಕಥೆ ಬರೆಯುವ ಹುಡುಗಿ ತಾನು ಬರೆದ ಕಥೆಯೊಳಗೇ ಸಿಕ್ಕಿಕೊಳ್ಳುತ್ತಾಳೆ, ಅದೂ ಮೂರನೇ ಎಪಿಸೋಡಿಗೇ ಸಾಯಬೇಕಾದ ಪಾತ್ರವಾಗಿ! ಅಲ್ಲಿ ಆಳುವುದೆಲ್ಲ ಹೆಂಗಸರು. ನಿಜವಾದ ಇತಿಹಾಸ ಇದರಲ್ಲಿಲ್ಲ, ಮನಸ್ಸು ಮಾತ್ರ ಹಗುರ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಅಮ್ಮನಿಗೆ ಮನೆ, ಅತ್ತೆ, ಅಜ್ಜಿ, ಮದುವೆ ಆದಮೇಲಿನ ಜೀವನ ಇರುವ ಕಥೆ ಅಂದ್ರೆ ಪ್ರಾಣ. ಅಂಥದ್ದು ಇದೆಯಾ?

ಉತ್ತರ: ಹಾಗಿದ್ದರೆ ಕಣ್ಣುಮುಚ್ಚಿಕೊಂಡು ‘ದಿ ಸ್ಟೋರಿ ಆಫ್ ಮಿಂಗ್‌ಲಾನ್’ ಹಾಕಿ. 2018ರದ್ದು. ಮೂಲ ಕಾದಂಬರಿಯಲ್ಲಿ ನಾಯಕಿ ನಮ್ಮ ಕಾಲದ ಕೋರ್ಟ್ ಗುಮಾಸ್ತೆ, ಸತ್ತು ಹಳೇ ಕಾಲದ ಪುಟ್ಟ ಹುಡುಗಿಯೊಬ್ಬಳ ಮೈಯಲ್ಲಿ ಕಣ್ಣು ಬಿಡುತ್ತಾಳೆ. ಸೀರಿಯಲ್‌ನಲ್ಲಿ ಆ ಭಾಗವನ್ನೇ ತೆಗೆದು, ಕಥೆಯನ್ನು ಸಾಂಗ್ ವಂಶದ ಕಾಲಕ್ಕೆ ಕೂರಿಸಿದ್ದಾರೆ. ಕಾಲ ದಾಟುವುದು ಇಲ್ಲದಿದ್ದರೂ ನಿಮಗೆ ಬೇಕಾದ ಉಳಿದದ್ದೆಲ್ಲ ಇದೆ. ಮೊದಲ ಎಪಿಸೋಡಿನಲ್ಲೇ ಅಕ್ಕನ ಮದುವೆ ಮಾತು. ಗಂಡಿನ ಕಡೆಯಿಂದ ಬಂದ ಹೆಬ್ಬಾತುಗಳ ಮೇಲೆ ಪಂದ್ಯ, ಬಾಣವನ್ನು ಹೂಜಿಯೊಳಗೆ ಎಸೆಯುವ ಆಟ. ಅಣ್ಣ ಸೋಲುವ ಹೊತ್ತಿಗೆ ಪುಟಾಣಿ ಮಿಂಗ್‌ಲಾನ್ ಬಂದು ಗೆದ್ದುಬಿಡುತ್ತಾಳೆ. ಎದುರಾಳಿಯೇ ಮುಂದೆ ಅವಳ ಗಂಡ! ಆ ಮದುವೆಗೆ ಹೆಚ್ಚುಕಡಿಮೆ ಅರ್ಧ ಸೀರಿಯಲ್ ಕಾಯಬೇಕು. ಪ್ರೀತಿ ಬಲಿಯುವುದಂತೂ ಮದುವೆ ಆದಮೇಲೇ. ಅವಳನ್ನು ಸಾಕುವ ಅಜ್ಜಿಯನ್ನು ನಿಮ್ಮಮ್ಮ ಖಂಡಿತ ಮೆಚ್ಚಿಕೊಳ್ಳುತ್ತಾರೆ. ತಾಯಿ ಸಾಯುವ ಶುರುವಿನ ಭಾಗ ಮಾತ್ರ ಕರುಳು ಹಿಂಡುತ್ತದೆ, ಅದನ್ನು ಮೊದಲೇ ಹೇಳಿಡಿ. 70ಕ್ಕೂ ಹೆಚ್ಚು ಎಪಿಸೋಡ್ ಇರುವುದರಿಂದ ಆತುರ ಬೇಡ.

ಉತ್ತರ: ಕಾಲ ಹಿಂದಕ್ಕೆ ಹೋಗಲೇಬೇಕು ಅಂದ್ರೆ ನನ್ನ ವೋಟು 2024ರ ‘ದಿ ಪ್ರಿನ್ಸೆಸ್ ರಾಯಲ್’ಗೆ, 40 ಎಪಿಸೋಡ್. ರಾಜಕೀಯಕ್ಕಾಗಿ ಮದುವೆಯಾದ ಗಂಡ ಹೆಂಡತಿ ಇಪ್ಪತ್ತು ವರ್ಷ ಮುನಿಸಿಕೊಂಡೇ ಬದುಕಿ, ಕೊನೆಗೆ ಒಬ್ಬರ ಕೈಯಲ್ಲಿ ಒಬ್ಬರು ಸಾಯುತ್ತಾರೆ. ಎಚ್ಚರವಾದರೆ ಇಬ್ಬರೂ ಮತ್ತೆ ಹರೆಯದಲ್ಲಿ, ಮದುವೆಗೆ ಮುಂಚೆ! ಈ ಸಲ ಬೇರೆಯವರನ್ನು ಮದುವೆಯಾಗೋಣ ಅಂತ ಹೊರಟವರು ನಿಧಾನವಾಗಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಹಳೇ ಜಗಳಗಳನ್ನು ಕೂತು ಮಾತಾಡಿ ಬಿಡಿಸಿಕೊಳ್ಳುವ ಭಾಗಗಳು ನನಗೆ ತುಂಬಾ ಹಿಡಿಸಿದವು. ಆಸ್ಥಾನದ ರಾಜಕೀಯ ಸ್ವಲ್ಪ ಜಾಸ್ತಿ.

ಯಾವುದೇ ಆದರೂ ಮೊದಲ ಒಂದೆರಡು ಎಪಿಸೋಡಿಗೆ ಯಾರು ಯಾರ ಮಗ, ಯಾರ ಮಗಳು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಒಬ್ಬನನ್ನೇ ಹೆಸರಿನಿಂದ, ಪದವಿಯಿಂದ, ಹುಟ್ಟಿದ ಕ್ರಮದಿಂದ ಬೇರೆ ಬೇರೆಯಾಗಿ ಕರೆಯುತ್ತಾರೆ. ಅಮ್ಮನಿಗೆ ಸಬ್‌ಟೈಟಲ್ ಓದುವುದು ಕಷ್ಟವಾದರೆ ನಿಲ್ಲಿಸಿ ನಿಲ್ಲಿಸಿ ಹೇಳಿ, ಈ ಕಥೆಗಳಿಗೆ ಅವಸರವೇನೂ ಇಲ್ಲ.