ಐ5-2500ಕೆ ಓವರ್‌ಕ್ಲಾಕ್‌ಗೆ ಯಾವ ಬೋರ್ಡ್, ಯಾವ ರ‍್ಯಾಮ್?

ಕ್ಯಾತ್ಸಂದ್ರ_ಪಿಸಿ:
ಎಲ್ಲರಿಗೂ ನಮಸ್ಕಾರ. ಸಿಸ್ಟಮ್ ಹೀಗಿದೆ: ಐ5-2500ಕೆ (ಇಂಟೆಲ್‌ನ 2ನೇ ತಲೆಮಾರಿನ ಪ್ರೊಸೆಸರ್), ಎಚ್61 ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಇರುವ ಬೋರ್ಡ್, 1333 ವೇಗದ 4 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಇಂಟೆಲ್ ಬಾಕ್ಸ್ ಜೊತೆ ಬರುವ ಕೂಲರ್. ‘ಕೆ’, ಅಂದರೆ ಓವರ್‌ಕ್ಲಾಕ್ ಮಾಡಲು (ನಿಗದಿಗಿಂತ ವೇಗ ಏರಿಸಲು) ಬಿಡುವ ಪ್ರೊಸೆಸರ್ ಆದರೂ 3.7 ಗಿಗಾಹರ್ಟ್ಸ್ ದಾಟುತ್ತಿಲ್ಲ. 4.4 ಸಿಕ್ಕರೆ ಸಾಕು. ಬೇಸ್ ಕ್ಲಾಕ್ (ಬೋರ್ಡಿನ ಮೂಲ ಗಡಿಯಾರದ ವೇಗ) ಏರಿಸಿ ಇದೇ ಬೋರ್ಡಿನಲ್ಲಿ ಆಗುತ್ತದೆಯೇ? ಆಗಲ್ಲ ಅಂದರೆ ತುಮಕೂರಿನಿಂದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಬೋರ್ಡ್ ತರುವುದು. ಏನು ನೋಡಿ ತರಬೇಕು? ರ‍್ಯಾಮ್ 1600 ಸಾಕೇ, 2133 ಬೇಕೇ?

ಶಿರಾಗೇಟ್_ಹಾರ್ಡ್‌ವೇರ್:
ಎಚ್61ರಲ್ಲಿ ಆಗಲ್ಲ ಸರ್. ಈ ತಲೆಮಾರಿನಲ್ಲಿ 100 ಮೆಗಾಹರ್ಟ್ಸ್‌ನ ಒಂದೇ ಬೇಸ್ ಕ್ಲಾಕ್‌ನಿಂದ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್‌ಗಳ ಸ್ಲಾಟ್), ಸಾಟಾ (ಡಿಸ್ಕ್‌ಗಳ ಪೋರ್ಟ್) ಎಲ್ಲವೂ ನಡೆಯುತ್ತವೆ. 103, 105 ದಾಟಿಸಿದರೆ ಮೊದಲು ಕೈಕೊಡುವುದು ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ಫೈಲ್ ಕೆಡುತ್ತವೆ, ಕಾರಣ ಗೊತ್ತಾಗುವುದೇ ಇಲ್ಲ. ಅದನ್ನು ಮುಟ್ಟಲೇಬೇಡಿ. ಏರಿಸಬೇಕಾದದ್ದು ಮಲ್ಟಿಪ್ಲೈಯರ್, ಅಂದರೆ ಬೇಸ್ ಕ್ಲಾಕನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ. ಅದಕ್ಕೆ ಪಿ67, ಝಡ್68, ಝಡ್75 ಅಥವಾ ಝಡ್77 ಚಿಪ್‌ಸೆಟ್ ಬೇಕು. ಅಂಗಡಿಯಲ್ಲಿ ‘ಹೊಸ ಬೋರ್ಡ್, ವಾರಂಟಿ ಇದೆ’ ಅಂತ ಎಚ್61 ಅಥವಾ ಬಿ75 ತೋರಿಸುತ್ತಾರೆ. ಆಫೀಸ್ ಕೆಲಸಕ್ಕೆ ಚೆನ್ನಾಗಿವೆ, ನಿಮ್ಮ ಕೆಲಸಕ್ಕೆ ಬರಲ್ಲ.

ಆಯ್ಕೆ ಇದ್ದರೆ ಝಡ್77 ತೆಗೆದುಕೊಳ್ಳಿ. ಯುಎಸ್‌ಬಿ 3 ಚಿಪ್‌ಸೆಟ್‌ನಲ್ಲೇ ಇದೆ, ಮುಂದೆ 3ನೇ ತಲೆಮಾರಿನ ಪ್ರೊಸೆಸರ್ ಹಾಕಿದರೂ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಕರಾರು ಇರಲ್ಲ. ಏಸಸ್ ಪಿ8ಝಡ್77-ವಿ, ಗಿಗಾಬೈಟ್ ಝಡ್77ಎಕ್ಸ್-ಡಿ3ಎಚ್, ಏಎಸ್‌ರಾಕ್ ಝಡ್77 ಎಕ್ಸ್‌ಟ್ರೀಮ್4, ಈ ಮೂರರಲ್ಲಿ ಯಾವುದು ಒಳ್ಳೆ ಸ್ಥಿತಿಯಲ್ಲಿ ಸಿಗುತ್ತೋ ಅದು. ಪಿ67 ಸಿಕ್ಕರೆ ಎರಡು ವಿಷಯ ನೆನಪಿರಲಿ. ಅದರಲ್ಲಿ ಪ್ರೊಸೆಸರ್‌ನ ಗ್ರಾಫಿಕ್ಸ್ ಬರಲ್ಲ, ಕಾರ್ಡ್ ಬೇಕೇ ಬೇಕು. ಇನ್ನೊಂದು, 2011ರ ಜನವರಿಯಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡ ಸಾಟಾ ದೋಷ: ಮೊದಲ ಬಿ2 ಚಿಪ್‌ಗಳಲ್ಲಿ 3 ಗಿಗಾಬಿಟ್ ಪೋರ್ಟ್‌ಗಳು ದಿನ ಕಳೆದಂತೆ ಹಾಳಾಗುತ್ತವೆ. ಸರಿಪಡಿಸಿದ್ದು ಬಿ3. ಬಾಕ್ಸ್ ಅಥವಾ ಬೋರ್ಡ್ ಮೇಲೆ ಬಿ3 ಅಂತ ಇಲ್ಲದಿದ್ದರೆ ಸಿಪಿಯು-ಝಡ್ ಸಾಫ್ಟ್‌ವೇರ್‌ನ ಮೇನ್‌ಬೋರ್ಡ್ ಟ್ಯಾಬ್‌ನಲ್ಲಿ ರಿವಿಷನ್ ನೋಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಸಾಕೆಟ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. 1155 ಪಿನ್ನೂ ಒಂದೇ ಕಡೆ ವಾಲಿ ಒಂದೇ ಸಮ ಮಿನುಗಬೇಕು. ಒಂದು ಕಡೆ ಕಪ್ಪಾಗಿ ಅಥವಾ ಬೇರೆ ದಿಕ್ಕಿಗೆ ಹೊಳೆದರೆ ಅಲ್ಲಿ ಪಿನ್ ಬಾಗಿದೆ. ಬಾಗಿದ ಪಿನ್‌ನಿಂದ ಒಂದು ಕಡೆಯ ರ‍್ಯಾಮ್ ಸ್ಲಾಟ್ ಪೂರ್ತಿ ಸತ್ತಿರುವುದು ಮಾಮೂಲು, ಹಾಗಾಗಿ ನಾಲ್ಕೂ ಸ್ಲಾಟ್‌ನಲ್ಲಿ ಸ್ಟಿಕ್ ಹಾಕಿಸಿ ಆನ್ ಮಾಡಿಸಿ. ಪ್ರೊಸೆಸರ್ ಪಕ್ಕದ ಮಾಸ್‌ಫೆಟ್‌ಗಳ (ಅದಕ್ಕೆ ವಿದ್ಯುತ್ ಕೊಡುವ ಚಿಪ್‌ಗಳ) ಮೇಲೆ ಹೀಟ್‌ಸಿಂಕ್ ಇರಲೇಬೇಕು. ಹಿಂಬದಿಯ ಪೋರ್ಟ್‌ಗಳ ತಗಡು ಕೇಳಿ ಇಸ್ಕೊಳ್ಳಿ, ಆಮೇಲೆ ಸಿಗಲ್ಲ.

ನಂದಿ_ತಪ್ಪಲು:
ಬೋರ್ಡ್, ಕೂಲರ್, ಎಸ್‌ಎಂಪಿಎಸ್ ಮೂರೂ ಬದಲಿಸುವ ಖರ್ಚು ಲೆಕ್ಕ ಹಾಕಿ. ವಿಡಿಯೋ ಎಡಿಟಿಂಗ್ ಥರದ ಕೆಲಸ ಇದ್ದರೆ, ಎಚ್61 ಬಯಾಸ್ ಅಪ್‌ಡೇಟ್ ಮಾಡಿ ಐ7-3770 ಹಾಕುವುದೇ ವಾಸಿ. 3.9ರವರೆಗೆ ತಾನಾಗಿಯೇ ಹೋಗುತ್ತದೆ, 8 ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಸಾಲು) ಸಿಗುತ್ತದೆ, ಈಗಿನ ಎಸ್‌ಎಂಪಿಎಸ್ ಸಾಕು. ಬೋರ್ಡ್ ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರ್ ಇದೆಯೇ ನೋಡಿಕೊಳ್ಳಿ. ಯಾವ ದಾರಿ ಹಿಡಿದರೂ ಈ ಎರಡು ತಲೆಮಾರಿನಲ್ಲೂ ಎವಿಎಕ್ಸ್2 ಅನ್ನುವ ಆದೇಶಗಳ ಗುಂಪು ಇಲ್ಲ, ಅದನ್ನು ಕೇಳುವ ಹೊಸ ಗೇಮ್ ಎಷ್ಟು ಕ್ಲಾಕ್ ಮಾಡಿದರೂ ಓಡಲ್ಲ.

ಕೋಲಾರ_ಕ್ಲಾಕರ್:
3770 ಒಳ್ಳೆ ಸಲಹೆಯೇ. ಆದರೆ ಇವರ ಬಳಿ ‘ಕೆ’ ಆಗಲೇ ಇದೆ, ಗೇಮ್‌ಗೆ 4 ಕೋರ್ 4.4ರಲ್ಲಿ ಓಡುವುದರ ರುಚಿಯೇ ಬೇರೆ. ರ‍್ಯಾಮ್ ವಿಷಯ ಹೇಳುತ್ತೇನೆ, ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಮೊದಲು ಎರಡು ಸ್ಟಿಕ್ ಆಗಲಿ. ಒಂದೇ ಸ್ಟಿಕ್‌ನಲ್ಲಿ ಅರ್ಧ ದಾರಿ ಮುಚ್ಚಿದ ಹಾಗೆ. 4 ಜಿಬಿಯ ಎರಡು ಅಥವಾ 8 ಜಿಬಿಯ ಎರಡು, ಡಿಡಿಆರ್3-1600, ಟೈಮಿಂಗ್ 9-9-9-24, 1.5 ವೋಲ್ಟ್. 1.65 ವೋಲ್ಟ್‌ನವು ಅಗ್ಗಕ್ಕೆ ಸಿಗುತ್ತವೆ, ಬಿಡಿ. ಈ ಪ್ರೊಸೆಸರ್‌ಗೆ ಇಂಟೆಲ್ ಹೇಳಿರುವ ಮಿತಿ 1.5ರ ಮೇಲೆ ಶೇ. 5, ಅಂದರೆ 1.575. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ, ಸುಟ್ಟರೆ ಅದೇ ಸುಡುವುದು. 1333ರಿಂದ 1600ಕ್ಕೆ ವ್ಯತ್ಯಾಸ ಕಾಣುತ್ತದೆ. 1866 ಅಗ್ಗಕ್ಕೆ ಸಿಕ್ಕರೆ ತಗೊಳ್ಳಿ. 2133ಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಕೂಲರ್‌ಗೆ ಹಾಕಿ.

ಈಗ ಮುಖ್ಯವಾದದ್ದು. ಅಗ್ಗದ 8 ಜಿಬಿ ಸ್ಟಿಕ್‌ಗಳಲ್ಲಿ ಎಷ್ಟೋ ಎಎಂಡಿ ಬೋರ್ಡಿಗೆ ಮಾತ್ರ ಆಗುವಂಥವು. ಅವುಗಳಲ್ಲಿ 4 ಬಿಟ್‌ನ ಚಿಪ್ ಇರುತ್ತದೆ, ಇಂಟೆಲ್‌ನ ಈ ಕಂಟ್ರೋಲರ್‌ಗೆ 8 ಅಥವಾ 16 ಬಿಟ್‌ನದು ಬೇಕು. ಎರಡಕ್ಕೂ 16 ಚಿಪ್ಪೇ ಇರುವುದರಿಂದ ಎಣಿಸಿ ಗೊತ್ತಾಗಲ್ಲ, ಚಿಪ್ ಮೇಲಿನ ನಂಬರ್ ಓದಬೇಕು. ಸ್ಯಾಮ್‌ಸಂಗ್ ಆದರೆ ಕೆ4ಬಿ4ಜಿ08 ಸರಿ, ಕೆ4ಬಿ4ಜಿ04 ಬೇಡ. ಹೈನಿಕ್ಸ್ ಆದರೆ ಎಚ್5ಟಿಕ್ಯು4ಜಿ83 ಸರಿ, 4ಜಿ43 ಬೇಡ. 8 ಜಿಬಿ ಸ್ಟಿಕ್‌ನಲ್ಲಿ 8 ಚಿಪ್ ಮಾತ್ರ ಇದ್ದರೆ ಅದೂ ಬೇಡ, ಅಷ್ಟು ಸಾಂದ್ರತೆಯ ಚಿಪ್ ಈ ಪ್ರೊಸೆಸರ್‌ಗೆ ಹಿಡಿಸಲ್ಲ. ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್ ಸ್ಲಾಟ್‌ನಲ್ಲಿ ಕೂರುತ್ತದೆ, ಸಿಸ್ಟಮ್ ಏಳಲ್ಲ.

ಕ್ಯಾತ್ಸಂದ್ರ_ಪಿಸಿ:
ತುಂಬಾ ಉಪಕಾರ ಆಯ್ತು. ಝಡ್77 ಮತ್ತು 1600ರ 8 ಜಿಬಿ ಎರಡು ಅಂತ ತೀರ್ಮಾನ. ಬೋರ್ಡ್ ಕೂರಿಸಿದ ಮೇಲೆ ಯಾವ ಕ್ರಮದಲ್ಲಿ ಹೋಗಬೇಕು?

ಶಿರಾಗೇಟ್_ಹಾರ್ಡ್‌ವೇರ್:
ಮೊದಲು ಕೂಲರ್. ಡಬ್ಬಿ ಕೂಲರ್‌ನಲ್ಲಿ 4.4 ಆಗಲ್ಲ. 120 ಮಿ.ಮೀ. ಫ್ಯಾನಿನ, ನಾಲ್ಕು ಹೀಟ್‌ಪೈಪ್‌ನ ಟವರ್ ಬೇಕು, ಕ್ಯಾಬಿನೆಟ್ ಅಗಲಕ್ಕೆ ಹಿಡಿಯುತ್ತಾ ಅಳೆದು ತನ್ನಿ. ಎಸ್‌ಎಂಪಿಎಸ್ ಮೇಲೆ 450 ಅಂತ ಬರೆದಿದ್ದರೆ ಸಾಲದು. ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಸಾಲು ಓದಿ, ಅದು ಒಟ್ಟು 30 ಆಂಪ್ಸ್ ಹತ್ತಿರ ಇಲ್ಲದಿದ್ದರೆ ಬದಲಿಸಿ.

ಬಯಾಸ್ ಅಪ್‌ಡೇಟನ್ನು ಯುಪಿಎಸ್ ಇಟ್ಟುಕೊಂಡೇ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗುತ್ತದೆ. ಸಾಟಾ ಮೋಡ್ ಎಎಚ್‌ಸಿಐ ಇರಲಿ. ರ‍್ಯಾಮ್‌ನ್ನು ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕಿ (ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ), 1600ಕ್ಕೆ ಸೆಟ್ ಮಾಡಿ. ವಿಂಡೋಸ್‌ಗೆ ಹೋಗುವ ಮುಂಚೆಯೇ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿ. ಒಂದು ತಪ್ಪು ಬಂದರೂ ಮುಂದೆ ಹೋಗಬೇಡಿ. ರ‍್ಯಾಮ್ ಸರಿಯಿಲ್ಲದೆ ಪ್ರೊಸೆಸರ್ ಏರಿಸಿದರೆ ಯಾವುದರಿಂದ ಹ್ಯಾಂಗ್ ಆಯ್ತು ಅಂತ ತಿಳಿಯುವುದೇ ಇಲ್ಲ, ವಿಂಡೋಸ್ ಫೈಲ್‌ಗಳೂ ಕೆಡುತ್ತವೆ.

ಆಮೇಲೆ ಪ್ರೊಸೆಸರ್. ಮಲ್ಟಿಪ್ಲೈಯರ್ 42, ವೋಲ್ಟೇಜ್ 1.25, ಲೋಡ್ ಲೈನ್ (ಹೊರೆ ಬಿದ್ದಾಗ ವೋಲ್ಟೇಜ್ ಇಳಿಯದಂತೆ ನೋಡುವ ಸೆಟ್ಟಿಂಗ್) ಮಧ್ಯಮ, ಟರ್ಬೊ ಪವರ್ ಲಿಮಿಟ್ 150 ವ್ಯಾಟ್. ಪಿಎಲ್‌ಎಲ್ ಓವರ್‌ವೋಲ್ಟೇಜ್ ಅನ್ನುವ ಸೆಟ್ಟಿಂಗ್ ಆಫ್ ಇರಲಿ, 4.5ರ ಒಳಗೆ ಅದು ಬೇಡ, ಸ್ಲೀಪ್‌ನಿಂದ ಏಳಲು ತೊಂದರೆ ಕೊಡುತ್ತದೆ. ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕುವ ಪ್ರೈಮ್95 ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಶಾಖ ನೋಡಿ. ಅರ್ಧ ಗಂಟೆ ನಿಂತರೆ 43, ಆಮೇಲೆ 44. ನಿಲ್ಲದಿದ್ದರೆ 0.01 ವೋಲ್ಟ್ ಏರಿಸಿ. 1.35 ದಾಟಬೇಡಿ. ಚಳಿಗಾಲದ ರಾತ್ರಿ 75 ಡಿಗ್ರಿ ತೋರಿಸಿದ್ದು ಏಪ್ರಿಲ್ ಮಧ್ಯಾಹ್ನ 90ರ ಹತ್ತಿರ ಹೋಗುತ್ತದೆ. 98ಕ್ಕೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ.

ಕೋಲಾರ_ಕ್ಲಾಕರ್:
ಇದಕ್ಕೊಂದು ಸೇರಿಸುತ್ತೇನೆ. ನೀಲಿ ಸ್ಕ್ರೀನ್‌ನಲ್ಲಿ 0x124 ಅಥವಾ 0x101 ಬಂದರೆ ಹೆಚ್ಚಾಗಿ ಪ್ರೊಸೆಸರ್‌ಗೆ ವೋಲ್ಟೇಜ್ ಸಾಲುತ್ತಿಲ್ಲ. 0x1ಎ ಬಂದರೆ ರ‍್ಯಾಮ್ ಕಡೆ ನೋಡಿ. ಏನೂ ಹ್ಯಾಂಗ್ ಆಗದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 19 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಸಾಲಾಗಿ ಬಂದಿದ್ದರೆ ಅದು ಸ್ಥಿರವಾಗಿಲ್ಲ ಅಂತಲೇ ಅರ್ಥ. 0.01 ಏರಿಸಿ, ಅಥವಾ ಒಂದು ಮಲ್ಟಿಪ್ಲೈಯರ್ ಇಳಿಸಿ. 4.3ಕ್ಕೂ 4.4ಕ್ಕೂ ಗೇಮ್‌ನಲ್ಲಿ ವ್ಯತ್ಯಾಸ ಕಾಣಲ್ಲ.