‘ಎರಡನೆಯ ಬ್ಲಾಗ್’ ಎಂದರೆ ಯಾವುದು?

“ಬೆಳಿಗ್ಗೆ ಒಂದು ಬ್ಲಾಗ್ ಬರೆದೆ”, “ನಿಮ್ಮ ನಿನ್ನೆಯ ಬ್ಲಾಗ್ ಓದಿದೆ” ಎಂಬ ಮಾತುಗಳು ಸರಿಯೇ? ಬ್ಲಾಗ್ ಎಂದರೆ ಇಡೀ ತಾಣ, ಅದರಲ್ಲಿ ಆಗಾಗ ಹಾಕುವ ಬರಹ ಪೋಸ್ಟ್ ಎಂಬುದು ಶಾಸ್ತ್ರ. ಪತ್ರಿಕೆಗೆ ಲೇಖನ ಕಳುಹಿಸಿದವರು “ನಾನೊಂದು ಪತ್ರಿಕೆ ಬರೆದೆ” ಎನ್ನುವುದಿಲ್ಲ. ಆದರೆ ಬ್ಲಾಗಿನ ವಿಷಯದಲ್ಲಿ ಬಹುಮಂದಿ ಹಾಗೆಯೇ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಆ ಪ್ರಯೋಗದಿಂದ ಒಬ್ಬರ ಎದೆ ನಡುಗಿಸುವ ತನಕ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದ ಮೇಲೆ ಬ್ಲಾಗ್ ಶುರು ಮಾಡಿದರು. ಶ್ರದ್ಧೆಯ ಮನುಷ್ಯ, ಎರಡು ವರ್ಷ ಬಿಡದೆ ಬರೆದರು. ಒಂದು ದಿನ ಅವರ ಒಂದೇ ಲೇಖನ ಎರಡು ಸಲ ಪ್ರಕಟವಾಗಿತ್ತು. ಫೋನ್ ಮಾಡಿ, “ಸರ್, ಎರಡು ಬಂದಿವೆ, ಎರಡನೆಯ ಬ್ಲಾಗನ್ನು ಅಳಿಸಿಬಿಡಿ” ಎಂದೆ. ಅವರು ಮೊದಲು ಕೈ ಪಳಗಿಸಿಕೊಳ್ಳಲೆಂದು ಒಂದು ಖಾಲಿ ಬ್ಲಾಗ್ ಮಾಡಿ, ಆಮೇಲೆ ನಿಜವಾದದ್ದನ್ನು ಕಟ್ಟಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅವರ ಪರದೆಯ ಪಟ್ಟಿಯಲ್ಲಿ ಎರಡು ಬ್ಲಾಗುಗಳಿದ್ದವು. ನಾನು ಹೇಳಿದಂತೆ ಎರಡನೆಯದನ್ನು ಅಳಿಸಿದರು. “ನಿಜವಾಗಿಯೂ ಅಳಿಸಬೇಕೇ ಎಂದು ಕೇಳುತ್ತಿದೆ” ಎಂದಾಗಲೂ ನಾನು “ಹೌದು ಎನ್ನಿ” ಎಂದೆ. ಅಳಿಸಿದ ಬ್ಲಾಗನ್ನು ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿಸಿಕೊಳ್ಳುವ ಏರ್ಪಾಡು ಇದ್ದುದರಿಂದ ಸಂಜೆಯೊಳಗೆ ಎಲ್ಲವೂ ಮರಳಿ ಬಂತು. ಯಂತ್ರದ ತಪ್ಪಿರಲಿಲ್ಲ, ಅವರದೂ ಇರಲಿಲ್ಲ.

ಅಂದಿನಿಂದ ಈ ಪದದ ಬೆನ್ನು ಬಿದ್ದಿದ್ದೇನೆ. ಬ್ಲಾಗಿನ ‘ಲಾಗ್’ ಮೂಲದಲ್ಲಿ ಮರದ ತುಂಡು. ಗಂಟು ಹಾಕಿದ ಹಗ್ಗಕ್ಕೆ ಮರದ ಹಲಗೆ ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ನಿಗದಿತ ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸಿದರೆ ಹಡಗಿನ ವೇಗ ಸಿಗುತ್ತಿತ್ತು. ಅದನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್. 1997ರ ಡಿಸೆಂಬರಿನಲ್ಲಿ ಜೋರ್ನ್ ಬಾರ್ಜರ್ ಎಂಬಾತ ತಾನು ಜಾಲದಲ್ಲಿ ಕಂಡದ್ದರ ದಾಖಲೆಗೆ ‘ವೆಬ್‌ಲಾಗ್’ ಎಂಬ ಹೆಸರು ಕೊಟ್ಟ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆಂದು ಅದನ್ನು ಬೇರೆ ಕಡೆ ಒಡೆದು ‘ವೀ ಬ್ಲಾಗ್’ ಎಂದು ಓದಿದ. ‘ನಾವು ಬ್ಲಾಗುತ್ತೇವೆ’ ಎಂದಂತೆ. ಅಂದರೆ ಒಡೆದ ಗಳಿಗೆಯಲ್ಲಿ ಬ್ಲಾಗ್ ಕ್ರಿಯಾಪದವಾಗಿತ್ತು!

ನನ್ನ ಊಹೆ ಇಲ್ಲಿಂದ ಶುರುವಾಗುತ್ತದೆ. ಆ ಕ್ರಿಯಾಪದವನ್ನು ಕನ್ನಡ ಒಪ್ಪಿಕೊಳ್ಳಲಿಲ್ಲ. ‘ಬ್ಲಾಗಿಸು’ ಎಂದು ಕೆಲವರು ಬರೆದದ್ದುಂಟು, ಬಾಯಿಗೆ ಹತ್ತಲಿಲ್ಲ. ನಾವು ಬ್ಲಾಗನ್ನು ನಾಮಪದವಾಗಿ ಇಟ್ಟುಕೊಂಡು ಮುಂದೆ ‘ಬರೆ’ ಸೇರಿಸಿದೆವು. ‘ಬರೆ’ ಎಂಬ ಧಾತು ಸುಮ್ಮನಿರುವುದಿಲ್ಲ. ಪತ್ರ ಬರೆ, ಕತೆ ಬರೆ, ಪದ್ಯ ಬರೆ ಎನ್ನುವಾಗ ಅದರ ಹಿಂದೆ ಬರುವುದು ಕೂತು ಬರೆದು ಮುಗಿಸುವಂಥ ಒಂದು ಬರಹ. ಆ ಜಾಗದಲ್ಲಿ ಬ್ಲಾಗನ್ನು ಕೂರಿಸಿದ ಕೂಡಲೇ ಅದೂ ಒಂದು ಬರಹದ ಅಳತೆಗೆ ಕುಗ್ಗಿತು.

ಇದು ಹೊಸ ರೋಗವೂ ಅಲ್ಲ. ಅಂಕಣ ಎಂದರೆ ವಾರವಾರವೂ ಬರುವ ಸರಣಿ. ಆದರೂ “ಈ ವಾರದ ಅಂಕಣ ಚೆನ್ನಾಗಿದೆ” ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಡೈರಿ ಇಡೀ ಪುಸ್ತಕ, “ರಾತ್ರಿ ಡೈರಿ ಬರೆದು ಮಲಗಿದೆ” ಎಂದರೆ ಒಂದು ಪುಟ. ಹಾಗಾಗಿ ಬರೆ, ಓದು ಎಂಬ ಧಾತುಗಳ ಜೊತೆ ‘ಬ್ಲಾಗ್’ ಎಂದು ಪೋಸ್ಟನ್ನು ಕರೆಯುವುದು ನನ್ನ ಮಟ್ಟಿಗೆ ತಪ್ಪಲ್ಲ. ಇಂಗ್ಲಿಷಿನವರೂ ಹಾಗೆ ಹೇಳುತ್ತಾರೆ ಎಂಬ ಸಮರ್ಥನೆಯ ಅಗತ್ಯವೂ ಇಲ್ಲ, ಅಂಕಣದ ಸಾಕ್ಷಿ ಸಾಕು.

ಕೆಡುವುದು ಧಾತು ಬದಲಾದಾಗ. ಡೈರಿ ಬರೆದೆ ಎಂದರೆ ಒಂದು ಪುಟ, ಡೈರಿ ಹರಿದೆ ಎಂದರೆ? “ಬ್ಲಾಗ್ ತೆರೆದಿದ್ದೇನೆ” ಎಂಬುದಕ್ಕೆ ಹೊಸದಾಗಿ ಶುರು ಮಾಡಿದ್ದೇನೆ ಎಂದೂ ಅರ್ಥ, ಪರದೆಯ ಮೇಲೆ ಕಣ್ಣೆದುರಿಗಿದೆ ಎಂದೂ ಅರ್ಥ. ‘ಅಳಿಸು’ವಿನ ಕತೆ ಮೇಲೆ ಹೇಳಿದ್ದೇನೆ.

ಇದೇ ಜಾತಿಗೆ ಸೇರಿದ ಇನ್ನೊಂದು ಪದ ‘ರಫ್ತು’. ಆ ಘಟನೆಯ ಮರುದಿನವೇ ನಾನು ಸಹೋದ್ಯೋಗಿಗೆ ಎಲ್ಲ ಬರಹಗಳ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ರಫ್ತು ಎಂಬ ಗುಂಡಿ ಒತ್ತಿ ಎಂದೆ. ಅವರು ಒತ್ತಲಿಲ್ಲ. “ರಫ್ತು ಮಾಡಿದರೆ ಇಲ್ಲಿರುವುದು ಖಾಲಿಯಾಗುವುದಿಲ್ಲವೇ?” ಎಂದು ಕೇಳಿದರು. ಎಷ್ಟು ನ್ಯಾಯವಾದ ಅನುಮಾನ! ರಫ್ತಾದ ಸರಕು ಗೋದಾಮಿನಲ್ಲಿ ಉಳಿಯುವುದಿಲ್ಲ. ಇಲ್ಲಿ ನಡೆಯುವುದು ನಕಲು ಮಾತ್ರ, ಮೂಲ ಇದ್ದಲ್ಲಿಯೇ ಇರುತ್ತದೆ. ಅದೂ ಪೂರ್ತಿ ನಕಲಲ್ಲ. ಬ್ಲಾಗ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಕೊಡುವ ರಫ್ತು ಕಡತದಲ್ಲಿ ಬರಹಗಳು, ಪ್ರತಿಕ್ರಿಯೆಗಳು ಬರುತ್ತವೆ. ಚಿತ್ರಗಳು ಬರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸವಷ್ಟೇ ಬರುತ್ತದೆ. ತಾಣವೇ ಮುಚ್ಚಿದ ದಿನ ಆ ವಿಳಾಸದಿಂದ ಏನೂ ಪ್ರಯೋಜನವಿಲ್ಲ, ಚಿತ್ರಗಳನ್ನು ಬೇರೆಯಾಗಿಯೇ ತೆಗೆದಿಟ್ಟುಕೊಳ್ಳಬೇಕು. ‘ಪ್ರತಿ ತೆಗೆದುಕೊಳ್ಳಿ’ ಎಂದು ಬರೆದಿದ್ದರೆ ಅವರು ಹೆದರುತ್ತಿರಲಿಲ್ಲ.

‘ಚಂದಾದಾರರಾಗಿ’ ಕೂಡ ಹಾಗೆಯೇ. ಚಂದಾ ಎಂದರೆ ದುಡ್ಡು. ಹೊಸ ಬರಹವನ್ನು ಇಮೇಲಿಗೆ ಉಚಿತವಾಗಿ ಕಳುಹಿಸುವ ಗುಂಡಿಯ ಮೇಲೆ ಆ ಪದ ಕಂಡು ಎಷ್ಟು ಜನ ಹಿಂದೆ ಸರಿದಿದ್ದಾರೋ. 2013ರ ಜುಲೈ 1ರಂದು ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದ ಮೇಲೆ ಹಾಗೆ ಫೀಡ್ ಮೂಲಕ ಓದುವವರು ಕಡಿಮೆಯಾದರು, ಈಗ ಬರೆಯುವವರಲ್ಲಿ ಹಲವರು ಇಮೇಲ್ ಪತ್ರಿಕೆಯತ್ತ ವಾಲುತ್ತಿದ್ದಾರೆ. ಅಲ್ಲಿ ಉಚಿತವೂ ಇದೆ, ಹಣ ಕೊಟ್ಟು ಓದುವುದೂ ಇದೆ. ಎರಡಕ್ಕೂ ಒಂದೇ ಪದ ಬಳಸಿದರೆ ಗೊಂದಲ ಇಮ್ಮಡಿ. ಉಚಿತವಾದದ್ದಕ್ಕೆ ‘ಹೊಸ ಬರಹ ತರಿಸಿಕೊಳ್ಳಿ’ ಸಾಕಲ್ಲವೇ?

ಪರ್ಮಾಲಿಂಕ್, ಅಂದರೆ ಪೋಸ್ಟಿನ ಖಾಯಂ ವಿಳಾಸಕ್ಕೆ ಇರುವ ‘ಸ್ಥಿರಕೊಂಡಿ’ ಎಂಬ ಪದ ನನಗೆ ಇಷ್ಟ, ಆದರೆ ಕನ್ನಡದ ತಲೆಬರಹಗಳ ಮಟ್ಟಿಗೆ ಆ ಕೊಂಡಿಯ ಅವಸ್ಥೆ ನೋಡಿ. ಪ್ರತಿಯೊಂದು ಪೋಸ್ಟಿಗೂ ತಲೆಬರಹದಿಂದಲೇ ಒಂದು ವಿಳಾಸ ಹುಟ್ಟುತ್ತದೆ. ಯಂತ್ರದ ಒಳಗೆ ಆ ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ 9 ರೋಮನ್ ಚಿಹ್ನೆಗಳಾಗಿ ಬಿಡಿಸಿಕೊಳ್ಳುತ್ತದೆ. ‘ಕನ್ನಡ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಎಂಬ ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಲ್ಲಿ (ಒತ್ತಕ್ಷರವನ್ನು ಬಿಡಿಸಿ ಎಣಿಸುವುದರಿಂದ) ಐದು ಸಂಕೇತ, ವಿಳಾಸದಲ್ಲಿ 45 ಚಿಹ್ನೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ 200 ಚಿಹ್ನೆಗಳ ಮಿತಿ ಇಟ್ಟಿದೆ. ‘ಹಳೆಯ ಸೈಕಲ್ ರಿಪೇರಿ ಮಾಡುವುದು ಹೇಗೆ’ ಎಂದು ತಲೆಬರಹ ಕೊಟ್ಟರೆ ಕೊಂಡಿ ‘ಹಳೆಯ-ಸೈಕಲ್-ರಿಪೇರಿ-ಮಾಡುವು’ ಎಂಬಲ್ಲಿಗೆ ಕತ್ತರಿಸಿಹೋಗುತ್ತದೆ. ಗೂಗಲ್ಲಿನ ಬ್ಲಾಗ್ ಸೇವೆಯಾದ ಬ್ಲಾಗರ್ ಇನ್ನೂ ಸರಳ, ಪೂರ್ತಿ ಕನ್ನಡದ ತಲೆಬರಹವಾದರೆ ಅದನ್ನು ಕೈಬಿಟ್ಟು ಕೊಂಡಿಯಲ್ಲಿ ‘ಬ್ಲಾಗ್-ಪೋಸ್ಟ್’ ಎಂದಷ್ಟೇ ಬರೆಯುತ್ತದೆ. ಪ್ರಕಟಿಸುವ ಮೊದಲೇ ಎರಡು ಮೂರು ಪದಗಳ ಚಿಕ್ಕ ಕೊಂಡಿಯನ್ನು ನಾವೇ ಬರೆದುಕೊಡುವುದು ಇದಕ್ಕೆ ಮದ್ದು. ಆಮೇಲೆ ತಿದ್ದಿದರೆ, ಹಂಚಿದ ಕೊಂಡಿಗಳು ಎಷ್ಟೋ ಕಡೆ ಸಾಯುತ್ತವೆ. ಮತ್ತೆ ಸ್ಥಿರ ಎಂದು ಕರೆದು ಏನು ಫಲ?

ಬರೆಯುವವರಿಗೆ ಮಾತ್ರ ಒಳ್ಳೆಯ ಪದ ಸಿಕ್ಕಿದೆ: ಬ್ಲಾಗಿಗ. ಗಾಣಿಗ, ಲೆಕ್ಕಿಗ, ಕನ್ನಡಿಗ ಎಂಬಲ್ಲಿರುವ ‘ಇಗ’ವೇ ಇಲ್ಲಿಯೂ ಇದೆ, ಪರಭಾಷೆಯ ಪದಕ್ಕೆ ಅಂಟಿಸಿದ್ದು ಗೊತ್ತೇ ಆಗುವುದಿಲ್ಲ. ಬ್ಲಾಗರ್ ಎಂದರೆ ಅದೇ ಹೆಸರಿನ ಸೇವೆಯ ಜೊತೆ ಗೊಂದಲವಾಗುವುದೂ ತಪ್ಪುತ್ತದೆ. ವಿಡಿಯೊ ರೂಪದ ಬ್ಲಾಗ್ ಆದ ‘ವ್ಲಾಗ್’ ಬಂದ ಮೇಲೆ ಹೊಸ ತಾಪತ್ರಯ. ವ್ಯಾಪಾರದ ವ್ಯ, ವ್ರತದ ವ್ರ ನಮಗೆ ಸಲೀಸು, ಪದದ ಮೊದಲಿನ ವ್ಲ ಹೊಸದು. ಫೋನಿನಲ್ಲಿ ಕೇಳಿದರೆ ಎರಡೂ ಬ್ಲಾಗೇ.

ಉಳಿದದ್ದು ಪೋಸ್ಟ್. ಈ ಪದ ಕನ್ನಡದಲ್ಲಿ ಆಗಲೇ ಅಂಚೆಯಾಗಿ, ಹುದ್ದೆಯಾಗಿ ದುಡಿಯುತ್ತಿದೆ. ‘ಬರಹ’ ಚೆಂದ, ಆದರೆ ಒಂದು ಫೋಟೋ ಮಾತ್ರ ಹಾಕಿದ ದಿನ ಬರಹ ಎಲ್ಲಿದೆ? ‘ನಮೂದು’ ಎಂದರೆ ಕಚೇರಿಯ ರಿಜಿಸ್ಟರು ಕಣ್ಣಿಗೆ ಬರುತ್ತದೆ, ‘ಕಂತು’ ಎಂದರೆ ಸಾಲ. ಡ್ರಾಫ್ಟಿಗೆ ‘ಕರಡು’ ಎಂಬ ಅಚ್ಚುಕಟ್ಟಾದ ಪದ ಇರುವಂತೆ, ಕರಡು ಪ್ರಕಟವಾದ ಮೇಲೆ ಏನಾಗುತ್ತದೆಯೋ ಅದಕ್ಕೂ ಒಂದು ಇರಬೇಕು.

ಬಲ್ಲವರಲ್ಲಿ ಕೇಳುವುದು ಎರಡು. ‘ಬ್ಲಾಗ್ ಬರೆ’ ಎಂಬಲ್ಲಿ ಅರ್ಥ ಕುಗ್ಗಿದ್ದು ‘ಬರೆ’ ಧಾತುವಿನಿಂದ ಎಂಬ ನನ್ನ ಊಹೆ ನಿಲ್ಲುತ್ತದೆಯೇ, ಅಥವಾ ಅಂಕಣ, ಡೈರಿಗಳ ಅನುಕರಣೆ ಮಾತ್ರವೇ? ಮತ್ತು ‘ಅಳಿಸು’ ಗುಂಡಿಯ ಪಕ್ಕದಲ್ಲಿ ಅನುಮಾನಕ್ಕೆ ಎಡೆಯಿಲ್ಲದೆ ಕೂರಬಲ್ಲ, ಚಿತ್ರಕ್ಕೂ ಬರಹಕ್ಕೂ ಒಗ್ಗುವ ಒಂದು ಪದ ನಿಮ್ಮ ಬಳಕೆಯಲ್ಲಿದೆಯೇ? ಸದ್ಯಕ್ಕೆ ನಾನು ಫೋನಿನಲ್ಲಿ “ಸರ್, ತಲೆಬರಹ ಓದಿ ಹೇಳಿ” ಎಂದು ಕೇಳಿದ ಮೇಲೆಯೇ ಅಳಿಸಲು ಹೇಳುತ್ತಿದ್ದೇನೆ.