ಫೋನಿಗೆ ಸಿಕ್ಕಿಸುವ ರೇಡಿಯೊ ಜೋಗಿಮಟ್ಟಿ ಬೆಟ್ಟದ ಮೇಲೆ ಸಾಕಾಗುವುದೇ?

ಪ್ರಶ್ನೆ (ಚಿತ್ರದುರ್ಗ): ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಈಗಷ್ಟೇ ಕೈಸೇರಿದೆ. ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ವಾಕಿಟಾಕಿಯ) ಬದಲು ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸುವ ಕೆವಿ4ಪಿ ಎಚ್‌ಟಿ ಎಂಬ ರೇಡಿಯೊ ಬೋರ್ಡು ತೆಗೆದುಕೊಂಡರೆ ಜೋಗಿಮಟ್ಟಿಯಿಂದ 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಮಾತನಾಡಬಹುದೇ? ಬಳಸಿದವರು ದಯವಿಟ್ಟು ತಿಳಿಸಿ.

ಹೊಳಲ್ಕೆರೆಯಿಂದ: ಬೋರ್ಡಿಗೆ 4,200 ರೂಪಾಯಿ, ಸಾಗಣೆ ಮತ್ತು ಸುಂಕಕ್ಕೆ 1,650, ಆಂಟೆನಾಕ್ಕೆ 450, ಕೊನೆಗೆ ಫೋನಿನ ಸಡಿಲಗೊಂಡ ಯುಎಸ್‌ಬಿ ಕಿಂಡಿಯನ್ನು ಬದಲಿಸಲು 1,800 ರೂಪಾಯಿ ತೆತ್ತಿದ್ದೇನೆ. ಉದ್ದದ ಆಂಟೆನಾ ಹೊತ್ತ ಬೋರ್ಡು ಆ ಪುಟ್ಟ ಕಿಂಡಿಯನ್ನೇ ಆಧರಿಸಿ ನಿಲ್ಲುವುದರಿಂದ, ಕಲ್ಲು ಹತ್ತುವಾಗ ಬೀಳುವ ಪ್ರತಿ ಎಳೆತವೂ ಅಲ್ಲಿಗೇ ತಗಲುತ್ತದೆ. ಬೋರ್ಡಿಗೆ ಸ್ವಂತ ಬ್ಯಾಟರಿಯಿಲ್ಲ, ಪ್ರಸಾರದ ವಿದ್ಯುತ್ತನ್ನೆಲ್ಲ ಅದು ಫೋನಿನಿಂದಲೇ ಎಳೆಯುತ್ತದೆ. ದುರ್ಗದ ಬಿಸಿಲಿನಲ್ಲಿ ಪರದೆಯ ಮೇಲಿನ ಗುಂಡಿ ಕಾಣದೆ, ಫೋನು ಕಾದು ತಾನಾಗಿ ಆರಿಹೋದಾಗ ರೇಡಿಯೊ, ನಕ್ಷೆ, ಮನೆಗೆ ಮಾಡಬೇಕಾದ ಕರೆ ಎಲ್ಲವೂ ಒಟ್ಟಿಗೆ ನಿಂತವು. ಬೆಟ್ಟಕ್ಕೆ ಹೋಗುವವರು ಇದನ್ನು ನಂಬಬಾರದೆಂದೇ ನನ್ನ ಖಚಿತ ಅಭಿಪ್ರಾಯ.

ದಾವಣಗೆರೆಯಿಂದ: ಸಿದ್ಧ ಬೋರ್ಡು ತರಿಸಿ ಯೋಜನೆಯನ್ನೇ ದೂರುವುದು ನ್ಯಾಯವಲ್ಲ. ಇದರ ವಿನ್ಯಾಸ ಮುಕ್ತವಾಗಿದೆ. ಇಎಸ್‌ಪಿ32 ಎಂಬ ನಿಯಂತ್ರಕ ಚಿಪ್ಪು ಮತ್ತು 1 ವಾಟ್‌ನ ರೇಡಿಯೊ ಮಾಡ್ಯೂಲನ್ನು ನಾನೇ ಬೆಸುಗೆ ಹಾಕಿ ಜೋಡಿಸಿದೆ, ಖರ್ಚು 2,900 ರೂಪಾಯಿ ದಾಟಲಿಲ್ಲ. ಬೋರ್ಡನ್ನು ಫೋನಿನ ಬೆನ್ನಿಗೆ ಬಿಗಿದು ಗಿಡ್ಡ ಕೇಬಲ್ಲಿನಿಂದ ಜೋಡಿಸಿದರೆ ಕಿಂಡಿಗೆ ಭಾರವೇ ಬೀಳುವುದಿಲ್ಲ. ಪ್ರಸಾರ ಮಾಡಿದಾಗಲೆಲ್ಲ ಫೋನು ಸಂಪರ್ಕ ಕಡಿದುಕೊಳ್ಳುತ್ತಿದ್ದುದು ನಿಜ. ಆ ಕೇಬಲ್ಲಿಗೆ ರೇಡಿಯೊ ಅಡಚಣೆ ತಡೆಯುವ ಫೆರೈಟ್ ತುಂಡು ಹಾಕಿ, ಆಂಟೆನಾದ ಬುಡಕ್ಕೆ ಸುಮಾರು 49 ಸೆಂಟಿಮೀಟರ್ ತಂತಿಯನ್ನು ಬಾಲದಂತೆ ಇಳಿಬಿಟ್ಟ ಮೇಲೆ ಆ ತೊಂದರೆ ತೀರಿತು, ಕೇಳುವವರ ವರದಿಯೂ ಸುಧಾರಿಸಿತು. ಇದರ 1 ವಾಟ್‌ಗೂ ಸಾಮಾನ್ಯ ಹ್ಯಾಂಡಿಯ 5 ವಾಟ್‌ಗೂ ಇರುವ ಅಂತರ 7 ಡೆಸಿಬಲ್, ಅಂದರೆ ಸಂಕೇತದ ಬಲ ಅಳೆಯುವ ಮೀಟರಿನಲ್ಲಿ ಒಂದು ಎಸ್ ಘಟಕಕ್ಕಿಂತ (6 ಡೆಸಿಬಲ್‌ಗಿಂತ) ತುಸು ಹೆಚ್ಚು ಮಾತ್ರ. ಎತ್ತರವೂ ಆಂಟೆನಾವೂ ಕೊಡುವುದನ್ನು ವಾಟ್ ಕೊಡಲಾರದು.

ಹೊಳಲ್ಕೆರೆಯಿಂದ: ಬೆಸುಗೆ ಬಾರದವರಿಗೆ ಹವ್ಯಾಸವೇ ಬೇಡವೆಂದು ತಮ್ಮ ಅಭಿಪ್ರಾಯವೇ, ಓಎಂ (ಹ್ಯಾಮ್‌ಗಳ ಭಾಷೆಯಲ್ಲಿ ಗೆಳೆಯರೇ)? ತಾವು ಮಾತನಾಡಿದ್ದು ರಿಪೀಟರ್ (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮೂಲಕವೋ ನೇರವಾಗಿಯೋ ಎಂಬುದನ್ನೂ ಬರೆದಿಲ್ಲ. 2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಬೆಟ್ಟದ ತುದಿಯಿಂದ ಹ್ಯಾಮ್‌ಗಳು ಮಾತನಾಡುವ ಸೋಟಾ ಕಾರ್ಯಕ್ರಮದಲ್ಲಿ ನೆಲದ ರಿಪೀಟರ್ ಮೂಲಕ ಆದ ಸಂಪರ್ಕವನ್ನು ಎಣಿಸುವುದೇ ಇಲ್ಲ.

ದಾವಣಗೆರೆಯಿಂದ: ನೇರವಾಗಿಯೇ, 145.500 ಮೆಗಾಹರ್ಟ್ಸ್‌ನಲ್ಲಿ. ಎದುರಿನವರ ತಾರಸಿಯ ಮೇಲೆ ಯಾಗಿ (ಒಂದೇ ದಿಕ್ಕಿಗೆ ಬಲ ಕೊಡುವ ಆಂಟೆನಾ) ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ನನ್ನ ಕೈಕೆಲಸವನ್ನು ಸುಳ್ಳೆಂದು ಸೂಚಿಸುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು.

ಹಿರಿಯೂರಿನಿಂದ: ಇಬ್ಬರೂ ವಾಟ್ ಮತ್ತು ಬ್ಯಾಟರಿಯಲ್ಲೇ ನಿಂತಿದ್ದೀರಿ. ಒಂದೇ ಚಿಪ್ಪಿನ ಅಗ್ಗದ ರಿಸೀವರ್ ಟವರುಗಳಿರುವ ಬೆಟ್ಟದ ತುದಿಯಲ್ಲಿ ಪ್ರಬಲ ಸಂಕೇತಗಳಿಂದ ತುಂಬಿ ಕಿವುಡಾಗುತ್ತದೆ. ದಾವಣಗೆರೆಯವರು ಹೇಳುವಂತೆ ಆಂಟೆನಾ ಸುಧಾರಿಸಿದರೆ ಅದು ಇನ್ನೂ ಹೆಚ್ಚುತ್ತದೆ. ನಾನು ವಾಹನದಲ್ಲಿ ಕೂರಿಸುವ ಹಳೆಯ ಮೊಬೈಲ್ ರೇಡಿಯೊ ಸೆಟ್ಟನ್ನು ಲಿಥಿಯಂ ಬ್ಯಾಟರಿಯೊಂದಿಗೆ ಹೊತ್ತೊಯ್ಯುತ್ತೇನೆ. ಬೆನ್ನು ನೋಯುತ್ತದೆ, ಆದರೆ ಕರೆದವರ ದನಿ ಕೇಳಿಸುತ್ತದೆ.

ದಾವಣಗೆರೆಯಿಂದ: ಅದೇ ದೋಷ ಅಗ್ಗದ ಹ್ಯಾಂಡಿಗಳಲ್ಲೂ ಇದೆ, ಸರ್. ಅದನ್ನು ಹೊಳಲ್ಕೆರೆಯವರಿಗೂ ಹೇಳಿ.